ಡಂಬೆಲ್ ಎತ್ತಲು ಹೋಗಿ

ಕೆಲವರು ತಪ್ಪು ಮಾಡಿ ನಾಚಿಕೊಳ್ಳುತ್ತಾರೆ. ನನಗೋ ಒಳ್ಳೆಯ ಕೆಲಸ ಮಾಡುವಾಗಲೇ ನಾಚಿಕೆ ಜಾಸ್ತಿ. ದೇವರ ಮುಂದೆ ಹಾಡಲು ನಾಚಿಕೆ, ಹೆಂಡತಿಗೆ ಸೀರೆ ಆರಿಸಲು ನಾಚಿಕೆ. ಐವತ್ತು ದಾಟಿದ ಮೇಲೆ ವ್ಯಾಯಾಮ ಶುರು ಮಾಡುವುದಂತೂ ಕಳ್ಳತನಕ್ಕಿಂತ ಗುಟ್ಟಾಗಿ ಮಾಡಬೇಕಾದ ಕೆಲಸವೆಂದೇ ನಂಬಿದ್ದೆ.

ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯಪುರ ಬಿಟ್ಟು ಮಹಾರಾಷ್ಟ್ರಕ್ಕೆ ಬಂದವನು ನಾನು. ಮೊದಲು ಸಂಭಾಜಿನಗರ, ಈಗ ನಾಸಿಕ. ಸಂಭಾಜಿನಗರ ಬಿಡುವ ಮೊದಲು ಹೆಂಡತಿ ಸುಮಾಳೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋಗಿ, ಅರ್ಧ ಹತ್ತುವಷ್ಟರಲ್ಲಿ ಕುಸಿದು ಕೂತೆ. ಊಟದ ಡಬ್ಬಿ, ನೀರಿನ ಬಾಟಲಿ, ಸಾಲದ್ದಕ್ಕೆ ನಾನು ಬಿಚ್ಚಿಕೊಟ್ಟ ಸ್ವೆಟರು, ಇಷ್ಟನ್ನೂ ಹೊತ್ತುಕೊಂಡು ಸುಮಾ ತುದಿಯವರೆಗೆ ಹೋಗಿಬಂದಳು. ಬಂದವಳು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ನಾಸಿಕಕ್ಕೆ ಬಂದವನೇ ಅವಳಿಗೆ ತಿಳಿಯದಂತೆ ಒಂದು ಜೋಡಿ ಡಂಬೆಲ್ ತರಿಸಿದೆ. ಹೊಸಬರು ಹಗುರವಾದದ್ದರಿಂದಲೇ ಶುರು ಮಾಡಬೇಕೆಂದು ಮೊಬೈಲಿನಲ್ಲಿ ಪಾಠ ಹೇಳುವಾತ ಕೈಮುಗಿದು ಕೇಳಿಕೊಂಡಿದ್ದ. ಬ್ಯಾಂಕಿನ ಅಧಿಕಾರಿಯಾದವನು ಹಗುರವಾದದ್ದನ್ನು ಎತ್ತುವುದೇ? ಭಾರವಾದದ್ದನ್ನೇ ತರಿಸಿದೆ. ಹೊಸ್ತಿಲಿನಿಂದ ಮಲಗುವ ಕೋಣೆಯವರೆಗೆ ಅವುಗಳನ್ನು ಚಾದರದ ಮೇಲಿಟ್ಟು ಎಳೆದುಕೊಂಡು ಹೋಗಿ ಮಂಚದಡಿ ತಳ್ಳಿದೆ.

ರಜೆಯ ದಿನ ಸುಮಾ ತರಕಾರಿಗೆಂದು ಹೊರಟಳು. ನಾನು ಬನಿಯನ್ನಿನಲ್ಲಿ ನಿಂತು, ಉಸಿರು ಬಿಗಿಹಿಡಿದು ಎರಡನ್ನೂ ಎತ್ತಿದೆ. ಭುಜದವರೆಗೆ ಬಂದವು. ಅಲ್ಲಿಂದ ಮೇಲಕ್ಕೂ ಹೋಗಲೊಲ್ಲವು, ಕೆಳಕ್ಕೂ ಇಳಿಯಲೊಲ್ಲವು. "ಯವ್ವಾ, ಸತ್ತೆ!" ಎಂದು ಚೀರಿ ಕೈಬಿಟ್ಟೆ. ನೆಲ ನಡುಗಿತು.

ಸ್ವಲ್ಪ ಹೊತ್ತಿಗೆ ಕರೆಗಂಟೆ. ಬಾಗಿಲಲ್ಲಿ ಕೆಳಗಿನ ಮನೆಯ ಮರಾಠಿ ಆಜಿ, ಅವರ ಸೊಸೆ, ಎದುರುಮನೆಯ ಪಾಟೀಲರು.

"ಕಾಯ್ ಝಾಲಂ? ಸುಮಾ ಕುಠೆ ಆಹೆ?" ಏನಾಯಿತು, ಸುಮಾ ಎಲ್ಲಿ ಎಂದರು ಆಜಿ. ಅವರ ಕಣ್ಣು ನನ್ನ ಬೆವರನ್ನೂ ಕೆಂಪೇರಿದ ಮುಖವನ್ನೂ ದಾಟಿ ಒಳಗೆಲ್ಲ ಸುಮಾಳನ್ನು ಹುಡುಕುತ್ತಿತ್ತು. ನಾನು ಹೆಂಡತಿಯನ್ನು ಹೊಡೆಯುತ್ತಿದ್ದೇನೆಂದುಕೊಂಡು ಇವರು ಬಂದಿದ್ದಾರೆ! ಅವಳು ತರಕಾರಿಗೆ ಹೋಗಿದ್ದಾಳೆಂದು ತೊದಲಿದೆ. ಹಾಗಾದರೆ ಆ ಸದ್ದು? ಡಂಬೆಲ್ ಎಂಬ ಒಂದು ಮಾತು ಸಾಕಿತ್ತು. ಬಾಯಿಂದ ಬಂದದ್ದೇ ಬೇರೆ: ಕಪಾಟು ಸರಿಸುತ್ತಿದ್ದೆ.

"ಏಕಟೇಚ್?" ಒಬ್ಬರೇ ಏನು ಎಂದು ಆಜಿ ಮರುಗಿಬಿಟ್ಟರು. ಮೂವರೂ ಒಳಗೆ ನಡೆದರು. ನಾನು ಮುಂದೆ ಓಡಿ ಡಂಬೆಲ್‌ಗಳ ಮೇಲೆ ಚಾದರ ಎಸೆದೆ. ಪಾಟೀಲರೂ ಸೊಸೆಯೂ ಕಪಾಟಿಗೆ ಕೈಹಚ್ಚಿ, ಎಲ್ಲಿಡೋಣವೆಂದು ಕೇಳಿದರು. ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಸುಮ್ಮನೆ ಎದುರಿಗೆ ಕೈ ತೋರಿಸಿದೆ. ಕಪಾಟು ಹೋಗಿ ಕಿಟಕಿಗೆ ಅಡ್ಡವಾಗಿ ನಿಂತಿತು. ಕೋಣೆಯೆಲ್ಲ ಕತ್ತಲು. "ಛಾನ್!" ಚೆಂದವಾಯಿತು ಎಂದರು ಆಜಿ, ಪಾಪ, ಸೌಜನ್ಯಕ್ಕೆ.

ಸುಮಾ ಬಂದವಳು ದೀಪ ಹಾಕಿ ನೋಡಿದಳು.

"ಇದನ್ನ ಯಾರು ಸರಿಸಿದ್ರು?"

"ನಾನ."

"ಒಬ್ಬರ?"

"ಹೂಂ," ಎಂದೆ. ಅವಳು ನನ್ನನ್ನು ಮೆಚ್ಚಿ ನೋಡಿದ ಹಾಗಾಯಿತು. ಆ ಒಂದು ನೋಟಕ್ಕೆ ಇನ್ನೆರಡು ಸುಳ್ಳು ಹೇಳಲೂ ಸಿದ್ಧನಿದ್ದೆ.

"ಭಾಳ ಶಕ್ತಿ ಬಂದದ ಬಿಡ್ರಿ. ಹಂಗಾರ ಈಗ ಹಿಂದಕ್ಕ ಸರಿಸ್ರಿ, ಗಾಳಿ ಬರವಲ್ದು."

ದೂಡಿದೆ. ಹೆಗಲು ಕೊಟ್ಟು ದೂಡಿದೆ. ಬೆನ್ನು ಕೊಟ್ಟೂ ದೂಡಿದೆ. ಒಳಗಿನ ಸೀರೆಗಳು ಸಹ ಅಲುಗಲಿಲ್ಲ. ಸುಮಾ ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದು ನಿಂತಳು.

"ಆಜಿ ಗೇಟಿನ್ಯಾಗ ಭೆಟ್ಟಿಯಾಗಿದ್ರು," ಎಂದಳು. ಆಮೇಲೆ, "ಮದಲ ಆ ಚಾದರದಾಗಿನ ಕಬ್ಬಿಣ ಆಚೆ ತಗೀರಿ, ಕಾಲಿಗೆ ಬಡೀತಾವ. ಹಾಂ, ಈಗ ದೂಡ್ರಿ."

ಕಪಾಟು ಸರಿಯಿತು. ನಾನು ಆಗ ಕಣ್ಣು ಮುಚ್ಚಿಕೊಂಡಿದ್ದೆ. ಹಾಗಾಗಿ ಅದು ಯಾರ ಬಲಕ್ಕೆ ಸರಿಯಿತೆಂದು ನನಗೆ ಗೊತ್ತಿಲ್ಲ. ಸುಮಾಳಿಗೆ ಖಂಡಿತ ಗೊತ್ತಿದೆ; ಆದರೆ ಈ ಸಲವೂ ಅವಳು ಏನೂ ಅನ್ನಲಿಲ್ಲ.