ಬಾಣಂತಿಯ ಎಡಗಾಲಿನ ಮೇಲೆ ದಂಡೆತ್ತಿ ಬಂದವರಿಗೆ

ನನ್ನ ದೇಹದ ರೋಗನಿರೋಧಕ ವ್ಯವಸ್ಥೆಯೆಂಬ ಮಾನ್ಯರೇ,

ಹಗಲಿರುಳು ರಜೆಯಿಲ್ಲದೆ, ಕರೆಯದಿದ್ದರೂ ಕೆಲಸಕ್ಕೆ ಹಾಜರಾಗುವ ತಮಗೆ, ಸಾಸ್ವೆಹಳ್ಳಿಯ ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಿರುವ ಶಾಂತಲಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಎಡಗಾಲು ಇನ್ನೂ ಪೂರ್ತಿ ಮಡಿಸಲು ಬಾರದ್ದರಿಂದ ಎಂಟರಲ್ಲಿ ಒಂದು ಅಂಗ ಕಡಿಮೆಯಾದೀತು, ಮನ್ನಿಸಬೇಕು.

ನಾನು ತಮ್ಮ ಹಳೆಯ ಅಭಿಮಾನಿ. ಹೊನ್ನಾಳಿಯಲ್ಲಿ ಬಿ.ಎಸ್ಸಿ. ಓದುವಾಗ ತಮ್ಮ ಕುರಿತ ಹತ್ತು ಅಂಕದ ಪ್ರಶ್ನೆಗೆ ಎರಡು ಹೆಚ್ಚುವರಿ ಹಾಳೆ ಕಟ್ಟಿ, ಮನೆಯವರಾರು ಹೊರಗಿನವರಾರು ಎಂಬುದನ್ನು ತಾವು ಕ್ಷಣದಲ್ಲಿ ಗುರುತಿಸುತ್ತೀರೆಂದು ಹೊಗಳಿ, ಒಂಬತ್ತು ಅಂಕ ಪಡೆದವಳು. ಆ ಅಂಕಗಳನ್ನು ಹಿಂದಿರುಗಿಸಲು ಸಿದ್ಧಳಿದ್ದೇನೆ. ಅರ್ಜಿ ಯಾರಿಗೆ ಕೊಡಬೇಕೋ ತಿಳಿಸಿರಿ.

ಏಕೆಂದರೆ ಹೆರಿಗೆಯಾದ ಇಪ್ಪತ್ತನೆಯ ದಿನ ತಾವು, ನನ್ನದೇ ಜೀವಕೋಶಗಳ ಹೊದಿಕೆಗೆ ಅಂಟಿಕೊಂಡಿದ್ದ ಬಡಪಾಯಿ ಪ್ರೋಟೀನುಗಳನ್ನು ಶತ್ರುಗಳೆಂದು ಬಗೆದು, ಪ್ರತಿಕಾಯಗಳನ್ನು ಛೂ ಬಿಟ್ಟು, ಗಾಯವೇ ಇಲ್ಲದ ಕಾಲಿನ ರಕ್ತನಾಳದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸಿದಿರಿ. ಎಂಥ ಶೌರ್ಯ! ಕಾಲು ಬಾಳೆದಿಂಡಿನಂತೆ ಊದಿತು. "ಬಾಣಂತಿ ನಂಜು ಕಣೇ, ಹರಳೆಣ್ಣೆ ಹಚ್ಚಿ ತಿಕ್ಕಿದ್ರೆ ಇಳೀತೈತೆ" ಎಂದು ನನ್ನ ತಾಯಿ ನಿರ್ಮಲಮ್ಮ ಎಣ್ಣೆ ಬಿಸಿ ಮಾಡಿದರು. ನಾನೂ ಕಾಲು ಚಾಚಿದೆ. ಓದಿದ್ದೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ದಿನವೂ ನನಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕಲು ಬರುವ ರಹೀಮುನ್ನೀಸಾ ಮಾತ್ರ ಎರಡೂ ಕಾಲು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಒಂದೇ ಕಾಲು ಬಾತೈತೆ, ಕೆಂಡದಂಗೆ ಸುಡ್ತೈತೆ. ಇದು ನಾನು ತಿಕ್ಕೋ ಕಾಲಲ್ಲ ನಿರ್ಮಲಮ್ಮಾರೇ, ಮೊದ್ಲು ಗಾಡಿ ಕರೆಸ್ರಿ."

ಅಂದು ತಿಕ್ಕಿದ್ದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಆದಕಾರಣ ನನ್ನ ಮೊದಲ ವಿನಂತಿ: ತಾವು ಒಂದು ವಾರ ರಹೀಮುನ್ನೀಸಾ ಅವರ ಬಳಿ ತರಬೇತಿಗೆ ಬರಬೇಕು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಯಾವುದನ್ನು ಮುಟ್ಟಬಾರದೆಂದು ಗೊತ್ತು. ಕೋಟ್ಯಂತರ ವರ್ಷಗಳ ಸೇವಾನುಭವವಿರುವ ತಮಗೆ ಅದೊಂದೇ ಪಾಠ ಬಾಕಿ. ಚಹಾ ನಮ್ಮ ಕಡೆಯಿಂದ.

ಎರಡನೆಯದು ಸೋಮವಾರದ್ದು. ಆಸ್ಪತ್ರೆಯಲ್ಲಿ ನನ್ನ ರಕ್ತದಲ್ಲಿ ತಮ್ಮ ಆ ಪ್ರತಿಕಾಯಗಳು ಸಿಕ್ಕಿಬಿದ್ದ ಮೊದಲ ಪರೀಕ್ಷೆಯಾಗಿ ಅಂದಿಗೆ ಹನ್ನೆರಡು ವಾರ. ಮತ್ತೆ ರಕ್ತ ತೆಗೆಯುತ್ತಾರೆ. ಆ ಪ್ರತಿಕಾಯಗಳು ಆಗಲೂ ಸಿಕ್ಕರೆ ರಕ್ತ ತೆಳುವಾಗಿಸುವ ಮಾತ್ರೆ ಬಹುಶಃ ಜೀವಮಾನವಿಡೀ. ದಯವಿಟ್ಟು ಆ ದಿನವಾದರೂ ತಮ್ಮ ಪಡೆಯನ್ನು ಯಾವುದಾದರೂ ಮದುವೆಗೆ ಕಳುಹಿಸಿ. ಅಥವಾ, ಇದು ಆಗದ ಮಾತೆಂದು ಬಲ್ಲೆ, ನಿಜವಾಗಿಯೂ ಮನಸ್ಸು ಬದಲಿಸಿ. ತಮ್ಮನ್ನು ವಜಾ ಮಾಡೋಣವೆಂದರೆ, ನೋಡಲು ಬಂದವರೆಲ್ಲ ನಮ್ಮ ಮುಖದ ಮೇಲೇ ಸೀನಿ ಹೋಗುತ್ತಾರೆ, ತಾವಿಲ್ಲದೆ ಒಂದು ನೆಗಡಿಯನ್ನೂ ದಾಟಲಾರೆ. ಕಾಯುವವರ ಆತಂಕ ನನಗೆ ತಿಳಿಯದೆಂದಲ್ಲ. ನಿದ್ದೆಗೆಟ್ಟು ಕೂಸಿನ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡುವವಳು ನಾನೂ. ಆದರೆ ಕಾಯುವ ಭರದಲ್ಲಿ ಅದರ ಕುತ್ತಿಗೆ ಹಿಚುಕಿಲ್ಲ.

ಇಷ್ಟಾದರೂ ತಮ್ಮನ್ನೇ ನಂಬಿ ಬದುಕಬೇಕಾಗಿರುವ,
ತಮ್ಮ ವಿಶ್ವಾಸಿ,
ಶಾಂತಲಾ

ವಿ.ಸೂ.: ಬಸಿರಿನಲ್ಲಿದ್ದಾಗಲೇ ತಮ್ಮ ಕೆಲವು ಪ್ರತಿಕಾಯಗಳು ಮಗಳ ರಕ್ತಕ್ಕೂ ದಾಟಿರಬಹುದಂತೆ, ಕೆಲವು ತಿಂಗಳಲ್ಲಿ ತಾವಾಗಿಯೇ ಕರಗುತ್ತವಂತೆ. ಬೇಗ ಕರಗಲು ಹೇಳಿಕಳುಹಿಸಿ. ಅವಳು ಈ ವಾರವಷ್ಟೇ ಕಾಲು ಒದ್ದು ಮಗ್ಗುಲಾಗಲು ಕಲಿತಿದ್ದಾಳೆ. ಇಲ್ಲಿಯವರೆಗೆ ಕಾಲೇಜಿನ ಕನ್ನಡದಲ್ಲಿ ಬರೆದಿದ್ದೇನೆ. ಆ ಪುಟ್ಟ ಕಾಲುಗಳ ತಂಟೆಗೆ ಬಂದರೆ, ನಮ್ಮ ಬೀದಿ ನಲ್ಲಿಯ ಮುಂದಿನ ಕನ್ನಡವೂ ನನಗೆ ಚೆನ್ನಾಗಿ ಬರುತ್ತದೆ.