ಕ್ರಿವೊಬ್ರೋದ್ ಪಟ್ಟಣದಲ್ಲಿ ಚಕ್ರವರ್ತಿಗಳು ಕುಡಿದ ಕ್ವಾಸ್

ರೊಮಾನೊವ್ ವಂಶದ ಮೊದಲ ಚಕ್ರವರ್ತಿಗಳು ಮುನ್ನೂರು ವರ್ಷಗಳ ಹಿಂದೆ ಪಟ್ಟಕ್ಕೇರಲು ಹೋಗುವ ದಾರಿಯಲ್ಲಿ ಕ್ರಿವೊಬ್ರೋದ್ ಪಟ್ಟಣದಲ್ಲಿ ಇಳಿದು, ರೊಟ್ಟಿ ನೆನೆಸಿ ಹುಳಿ ಬರಿಸಿದ ಕ್ವಾಸನ್ನು ಒಂದು ಲೋಟ ಕುಡಿದರೆಂಬುದು 1913ನೆಯ ಇಸವಿ ಫೆಬ್ರವರಿ ಒಂಬತ್ತರ ಮಧ್ಯಾಹ್ನ ಮೂರೂಕಾಲು ಗಂಟೆಗೆ ಪಟ್ಟಣದ ಉತ್ಸವ ಸಮಿತಿಯಲ್ಲಿ ಬಹುಮತದಿಂದ ತೀರ್ಮಾನವಾಯಿತು. ಪರವಾಗಿ ಒಂಬತ್ತು ಕೈ ಎದ್ದವು, ವಿರುದ್ಧವಾಗಿ ಒಂದು. ವಿರೋಧಿಸಿದ ಸದಸ್ಯರಿಗೆ ಕಿವಿ ಮಂದ. ಕಿಟಕಿ ತೆರೆಯುವ ವಿಚಾರಕ್ಕೆ ಮತ ಕೇಳುತ್ತಿದ್ದಾರೆಂದು ಅವರು ತಿಳಿದಿದ್ದರು.

ತೀರ್ಮಾನಕ್ಕೆ ಅವಸರವಿತ್ತು. ವಂಶದ ಮುನ್ನೂರನೆಯ ವರ್ಷದ ಉತ್ಸವಕ್ಕಾಗಿ ಈಗಿನ ಚಕ್ರವರ್ತಿಗಳು ಮೇ ತಿಂಗಳಲ್ಲಿ ವೋಲ್ಗಾ ನದಿಯ ಮೇಲೆ ಹಡಗಿನಲ್ಲಿ ದಯಮಾಡಿಸುವವರಿದ್ದರು. ವಂಶದ ಏಳಿಗೆಗೆ ನೆರವಾದ ಊರುಗಳಲ್ಲಿ ಮಾತ್ರ ಹಡಗು ನಿಲ್ಲುತ್ತದೆಂದು ಸುದ್ದಿ. ನದಿಯ ಮೇಲ್ಗಡೆಯ ಊರಿನವರು ಆಗಲೇ ಮೊದಲ ಚಕ್ರವರ್ತಿಗಳು ನೀರು ಕುಡಿದದ್ದೆಂದು ಒಂದು ಬಾವಿ ತೋರಿಸಿಬಿಟ್ಟಿದ್ದರು.

ಕ್ವಾಸ್ ಕುಡಿದ ಮನೆಯನ್ನು ಹುಡುಕುವ ಕೆಲಸ ಗುಮಾಸ್ತ ನಿಕಾನೊರ್ ಫದ್ದೇಯಿಚ್ ಪಾಲಿಗೆ ಬಂತು. ನಲವತ್ತು ದಾಟಿದ, ಮುತ್ತು ಪೋಣಿಸಿದಂಥ ಅಕ್ಷರದ ಮನುಷ್ಯ. ಅಕ್ಷರ ಚೆನ್ನಾಗಿದ್ದುದರಿಂದ ಅವನು ಬರೆದದ್ದನ್ನು ಯಾರೂ ಓದಿ ನೋಡುತ್ತಿರಲಿಲ್ಲ. ಸಮಿತಿಯ ಅಧ್ಯಕ್ಷರಾದ ಅಪ್ಪೊಲೋನ್ ಗೆರ್ಮಾನೊವಿಚ್ ಎರಡೇ ಷರತ್ತು ಹಾಕಿದ್ದರು: ಮನೆ ದೋಣಿಗಟ್ಟೆಯಿಂದ ಕಾಣಬೇಕು, ಸಮಿತಿಯ ಸದಸ್ಯರದ್ದಾಗಿರಬಾರದು. ಹಾಗೆ ನೋಡಿದರೆ ಊರಿನಲ್ಲಿ ಉಳಿದದ್ದು ವಿಧವೆ ಉಸ್ತೀನ್ಯಾ ಸಿಸೋಯೆವ್ನಾಳ ಮರದ ಮನೆ ಒಂದೇ.

"ಅಜ್ಜೀ, ನಿಮ್ಮ ಮನೆ ಮುನ್ನೂರು ವರ್ಷದ್ದು," ಎಂದ ನಿಕಾನೊರ್.

"ಇಪ್ಪತ್ತಾರು ಕಣಪ್ಪಾ. ನಮ್ಮೆಜಮಾನ್ರು ಕಟ್ಟಿದ್ದು. ತೊಲೆ ಎತ್ತೋವಾಗ ಸೊಂಟ ಹಿಡ್ಕೊಂಡು ಹದಿನೈದು ದಿನ ಮಲಗಿದ್ರು."

"ಅದಕ್ಕೇನಾದ್ರೂ ದಾಖಲೆ ಇದೆಯಾ?"

"ಸೊಂಟನೋವಿಗೆ ಯಾರಪ್ಪ ದಾಖಲೆ ಇಡ್ತಾರೆ?"

"ಹಾಗಾದ್ರೆ ಮುನ್ನೂರೇ," ಎಂದು ನಿಕಾನೊರ್ ಬರೆದುಕೊಂಡ. ನಲವತ್ತು ಪುಟದ ವರದಿ ತಯಾರಾಯಿತು. ಕಡತಕ್ಕೆ ರೇಷ್ಮೆ ದಾರ ಬಿಗಿದರು.

ಮರುವಾರ ಅಜ್ಜಿಯ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: "ಸ್ಮಾರಕದೊಳಗೆ ಯಾರೂ ವಾಸಿಸತಕ್ಕದ್ದಲ್ಲ. ಹಿಂದೆ ಯಾರಾದರೂ ವಾಸಿಸಿದ್ದರೆಂಬ ಗುರುತು ಕಾಣತಕ್ಕದ್ದಲ್ಲ, ಮಹಾಪ್ರಭುಗಳ ಹೊರತು." ಅಜ್ಜಿ ತನ್ನ ಹಾಸಿಗೆ, ಚಹಾದ ನೀರು ಕಾಸುವ ಸಮೋವಾರು, ದೇವರ ಪಟಗಳನ್ನು ಹಿತ್ತಲಿನ ಬಚ್ಚಲುಮನೆಗೆ ಸಾಗಿಸಿದಳು. ಸಾಮಾನು ಹೊರಲು ನಿಕಾನೊರ್ ಕೈಜೋಡಿಸಿದ.

"ಹಬ್ಬ ಮುಗಿಯೋವರೆಗೆ ಅಷ್ಟೇ ಅಜ್ಜೀ," ಎಂದ. ಅವನು ಹಾಗೆಂದೇ ನಂಬಿದ್ದ.

ಕ್ವಾಸ್ ಕೊಟ್ಟ ಮಹಾತಾಯಿಯ ವಂಶಸ್ಥಳಾಗಿ ಚಕ್ರವರ್ತಿಗಳಿಗೆ ಲೋಟ ಒಪ್ಪಿಸುವ ಭಾಗ್ಯ ಉಸ್ತೀನ್ಯಾಳಿಗೆ ಸಿಗಲಿಲ್ಲ. ಅವಳಿಗೆ ಇದ್ದದ್ದು ಎರಡೇ ಹಲ್ಲು. ಆದ್ದರಿಂದ ಸಮಿತಿಯು ಅಧ್ಯಕ್ಷರ ಹೆಂಡತಿಯನ್ನೇ ವಂಶಸ್ಥಳೆಂದು ಅವಿರೋಧವಾಗಿ ಆರಿಸಿತು.

ಮೇ ತಿಂಗಳ ಒಂದು ಬೆಳಿಗ್ಗೆ ಹಡಗು ಬಂತು. ದೋಣಿಗಟ್ಟೆಯ ತುಂಬ ಜನ, ಗಂಟೆಗಳು ಮೊಳಗಿದವು, ಅಧ್ಯಕ್ಷರ ಹೆಂಡತಿ ಲೋಟ ಹಿಡಿದು ಮುಂದೆ ಬಂದರು. ಹಡಗು ನದಿಯ ನಟ್ಟನಡುವೆ, ವೇಗವನ್ನು ಒಂದಿಷ್ಟೂ ಕಡಿಮೆ ಮಾಡದೆ ಸಾಗಿಹೋಯಿತು. ಹಿಂಭಾಗದಲ್ಲಿ ಯಾರೋ ಬಿಳಿಬಟ್ಟೆ ಬೀಸಿದರು. ನಿಕಾನೊರ್‌ನ ಕಣ್ಣು ಚುರುಕು. ಅವನಿಗೆ ಕಂಡದ್ದು, ಅಡಿಗೆಯವನೊಬ್ಬ ಮೇಜಿನ ಬಟ್ಟೆಯಿಂದ ರೊಟ್ಟಿಚೂರು ಕೊಡವುತ್ತಿದ್ದದ್ದು.

"ಏನು ನೋಡಿದ್ರಿ?" ಎಂದು ಅಧ್ಯಕ್ಷರು ಕೇಳಿದರು.

"ಬಟ್ಟೆ ಸ್ವಾಮೀ..."

"ಬರ್ಕೊಳ್ಳಿ. ಮಹಾಪ್ರಭುಗಳು ಸ್ಮಾರಕವನ್ನು ಬಹಳ ಹೊತ್ತು ದಿಟ್ಟಿಸಿ, ಭಾವಪರವಶರಾಗಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು."

ಸದಸ್ಯರಿಗೆಲ್ಲ ಪದಕಗಳು ಬಂದವು. ಕಿವಿ ಮಂದವಿದ್ದವರಿಗೂ ಬಂತು. ನಿಕಾನೊರ್‌ಗೆ ಒಂದು ದರ್ಜೆ ಬಡ್ತಿಯಾಯಿತು. ಕೆಲಸ ಕೈಗೂಡಿದ್ದರಿಂದ ಸಮಿತಿಯನ್ನು ವಿಸರ್ಜಿಸಲಾಯಿತು.

ಶರತ್ಕಾಲದಲ್ಲಿ ಉಸ್ತೀನ್ಯಾ ಮನೆ ವಾಪಸು ಕೇಳಿ ಅರ್ಜಿ ಕೊಟ್ಟಳು. ಉತ್ತರ ಬಹಳ ಮರ್ಯಾದೆಯಿಂದ ಬಂತು: ಸ್ಮಾರಕವನ್ನು ರದ್ದುಪಡಿಸುವ ಅಧಿಕಾರ ಅದನ್ನು ಸ್ಥಾಪಿಸಿದ ಸಮಿತಿಗೆ ಮಾತ್ರ, ಮುಂದಿನ ಸಮಿತಿ ವಂಶದ ನಾನ್ನೂರನೆಯ ವರ್ಷಕ್ಕೆ ರಚನೆಯಾಗುವುದು. ಓದಿ ಹೇಳಲು ನಿಕಾನೊರ್‌ನೇ ಹೋದ.

"ನೂರು ವರ್ಷ ತಾಳ್ಬೇಕಂತೆ ಅಜ್ಜೀ."

"ನಾನೇನೋ ತಾಳ್ತೀನಿ. ಈ ಬಚ್ಚಲುಮನೆ ತಾಳಲ್ಲ. ಗೋಡೆಯೆಲ್ಲ ಬೂಷ್ಟು."

ಅಂದಿನಿಂದ ಪ್ರತಿ ಚಳಿಗಾಲ ನಿಕಾನೊರ್ ಅವಳಿಗೆ ಸೌದೆ ತಂದು ಹಾಕುತ್ತಿದ್ದ. ತನ್ನ ವರದಿಯ ಮಾತು ಬಾರದಿರಲೆಂದು ಹವಾಮಾನದ ಬಗ್ಗೆ ಬಹಳ ಮಾತಾಡುತ್ತಿದ್ದ. ಯುದ್ಧ ಬಂತು, ರೊಟ್ಟಿ ತುಟ್ಟಿಯಾಯಿತು, ಬಚ್ಚಲುಮನೆ ಒಂದು ಕಡೆಗೆ ವಾಲಿತು. ಸ್ಮಾರಕಕ್ಕೆ ಮಾತ್ರ ವರ್ಷಕ್ಕೊಮ್ಮೆ ಬಣ್ಣ ಹೊಡೆಸುತ್ತಿದ್ದರು.

1917ರ ಮಾರ್ಚಿನಲ್ಲಿ ತಂತಿ ಬಂತು: ಚಕ್ರವರ್ತಿಗಳು ಸಿಂಹಾಸನ ಬಿಟ್ಟರು. ಅಪ್ಪೊಲೋನ್ ಗೆರ್ಮಾನೊವಿಚ್ ತಂತಿಯನ್ನು ಮೂರು ದಿನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಅದನ್ನು ನಂಬಬಹುದೆಂಬ ಆದೇಶ ಮೇಲಿನಿಂದ ಬಂದಿರಲಿಲ್ಲ. ನಾಲ್ಕನೆಯ ದಿನ ಎದೆಯ ಮೇಲೆ ಕೆಂಪು ಪಟ್ಟಿ ಸಿಕ್ಕಿಸಿಕೊಂಡು ಕಚೇರಿಗೆ ಬಂದು, "ನಾಗರಿಕರೇ!" ಎಂದರು. ಹೀಗೆ ಕ್ರಿವೊಬ್ರೋದ್‌ನಲ್ಲಿ ಕ್ರಾಂತಿಯಾಯಿತು.

ನಿಕಾನೊರ್ ಟೊಪ್ಪಿಗೆಯನ್ನೂ ಹಾಕಿಕೊಳ್ಳದೆ ಕೆಸರಿನಲ್ಲಿ ಓಡಿದ.

"ಅಜ್ಜೀ! ವಂಶ ಬಿದ್ದುಹೋಯ್ತು! ವಂಶವೇ ಇಲ್ಲ ಅಂದ್ಮೇಲೆ ಸ್ಮಾರಕ ಎಲ್ಲಿಂದ ಬಂತು? ನಡೀರಿ ಮನೆಗೆ!"

ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಸಮೋವಾರನ್ನು ಮಗುವಿನಂತೆ ಎದೆಗವಚಿಕೊಂಡು ಹೊರಟಳು. ನಾಲ್ಕು ವರ್ಷಗಳಲ್ಲಿ ಅವಳು ಅಷ್ಟು ಬೇಗ ನಡೆದದ್ದನ್ನು ಅವನು ಕಂಡಿರಲಿಲ್ಲ. ಮನೆಯ ಮೆಟ್ಟಿಲ ಮೇಲೆ ಅಧ್ಯಕ್ಷರೂ ಒಂಬತ್ತು ಸದಸ್ಯರೂ ನಿಂತಿದ್ದರು, ಎಲ್ಲರ ಎದೆಯಲ್ಲೂ ಕೆಂಪು ಪಟ್ಟಿ. ಈಗಷ್ಟೇ ಹೊಸ ಸಮಿತಿ ರಚನೆಯಾಗಿತ್ತು.

"ಸರಿಯಾದ ಹೊತ್ತಿಗೆ ಬಂದ್ರಿ ನಿಕಾನೊರ್ ಫದ್ದೇಯಿಚ್. ಈ ಮನೇಲಿ ಜನತೆ ಮೊಟ್ಟಮೊದಲ ಸಲ ರಾಜವಂಶವನ್ನ ಪ್ರತಿಭಟಿಸಿದ್ದು ಅಂತ ಪತ್ತೆಯಾಗಿದೆ. ಕೊಟ್ಟ ಕ್ವಾಸ್ ಹಳಸಿತ್ತು. ಬೇಕಂತ್ಲೇ ಕೊಟ್ಟದ್ದು. ವರದಿ ತಿದ್ದಿಕೊಡಿ," ಎಂದರು ಅಧ್ಯಕ್ಷರು.

ನಿಕಾನೊರ್ ಜೀವಮಾನದಲ್ಲಿ ಮೊದಲ ಸಲ, "ನಾನು ಬರೆಯಲ್ಲ," ಎಂದ. "ಅದು ಅಜ್ಜಿ ಮನೆ. ಅಲ್ಲಿಗೆ ಯಾವ ಚಕ್ರವರ್ತಿಯೂ ಬಂದಿರ್ಲಿಲ್ಲ."

ಅಧ್ಯಕ್ಷರು ಕೋಪಿಸಿಕೊಳ್ಳಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟರು.

"ಯೋಚನೆ ಮಾಡಿ. ಬಂದಿರ್ಲಿಲ್ಲ ಅಂದ್ರೆ ನೀವು ಸುಳ್ಳು ವರದಿ ಕೊಟ್ಟು ಬಡ್ತಿ ತಗೊಂಡೋರು. ಬಂದು ಒಳ್ಳೇ ಕ್ವಾಸ್ ಕುಡಿದ್ರು ಅಂದ್ರೆ ನೀವು ರಾಜನ ಕಡೆಯೋರು. ಬಂದು ಹೊಟ್ಟೆ ಕೆಡಿಸ್ಕೊಂಡ್ರು ಅಂದ್ರೆ ಮಾತ್ರ ನೀವು ಪ್ರಾಮಾಣಿಕರು."

ನಿಕಾನೊರ್‌ಗೆ ಹೆಂಡತಿಯಿದ್ದಳು, ಮೂರು ಹೆಣ್ಣುಮಕ್ಕಳಿದ್ದರು. ಕಡತ ತಂದರು. ವಂಶದ ಏಳಿಗೆಗೆ ನಲವತ್ತು ಪುಟ ಹಿಡಿದಿತ್ತು; ಪತನಕ್ಕೆ ಒಂದೇ ಪದ ಸಾಕಾಯಿತು. "ಒಂದು ಲೋಟ" ಮತ್ತು "ಕ್ವಾಸ್" ನಡುವೆ ಅವನು ಮುತ್ತಿನಂಥ ಅಕ್ಷರದಲ್ಲಿ "ಹಳಸಿದ" ಎಂದು ಸೇರಿಸಿದ. ಬರೆಯುವಾಗ ಅಜ್ಜಿಯ ಮುಖ ನೋಡಲಿಲ್ಲ.

ಈ ಸಲ ವಂಶಸ್ಥಳಾಗಿ ಉಸ್ತೀನ್ಯಾಳನ್ನೇ ಆರಿಸಲಾಯಿತು. ಎರಡು ಹಲ್ಲು ಈಗ ದೊಡ್ಡ ಅರ್ಹತೆಯಾಗಿತ್ತು. ಸಭೆಯಲ್ಲಿ ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಮಾತಾಡಿರೆಂದರು.

"ಇದು ನಮ್ಮೆಜಮಾನ್ರು ಕಟ್ಟಿದ ಮನೆ, ನನಗೆ ಕೊಡ್ರಪ್ಪ," ಎಂದಳು ಅವಳು.

ಚಪ್ಪಾಳೆ ಐದು ನಿಮಿಷ ನಿಲ್ಲಲಿಲ್ಲ. ಬ್ಯಾಂಡಿನವರು ಬಾರಿಸಿದರು. "ಜನತೆಯ ಮನೆ ಜನತೆಗೇ ಸೇರಬೇಕೆಂದು ವಂಶಸ್ಥಳು ಘೋಷಿಸಿದರು," ಎಂದು ನಡಾವಳಿಯಲ್ಲಿ ದಾಖಲಾಯಿತು.

ಅವಳ ಕೋರಿಕೆಯನ್ನು ಸಮಿತಿ ಪೂರ್ತಿ ತಳ್ಳಿಹಾಕಲಿಲ್ಲ. ಅವಳನ್ನು ಸ್ಮಾರಕದ ಪಾಲಕಿಯಾಗಿ ನೇಮಿಸಿತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಒಳಗೆ ಕೂರಬಹುದು. ಮಲಗುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಅವಳು ದಿನವೂ ಕಸ ಗುಡಿಸಿದಳು, ಬಂದವರಿಗೆ ಕಾಲೊರೆಸಿಕೊಳ್ಳಲು ಹೇಳಿದಳು. ತಿಂಗಳು ಕಳೆಯುವಷ್ಟರಲ್ಲಿ ತನ್ನ ಮುತ್ತಜ್ಜಿ ಕ್ವಾಸನ್ನು ಎಷ್ಟು ದಿನ ಬಿಸಿಲಲ್ಲಿಟ್ಟು ಹಳಸುವಂತೆ ಮಾಡಿದಳೆಂದು, ಯಾರೂ ಕೇಳದಿದ್ದರೂ, ವಿವರಿಸತೊಡಗಿದಳು.

ಬೇಸಿಗೆಯಲ್ಲಿ ನಿಕಾನೊರ್ ಅವಳನ್ನು ನೋಡಲು ಹೋದ. ಏನೋ ಹೇಳಬೇಕೆಂದು ಬಂದಿದ್ದ. ಬೆಂಚಿನ ತುದಿಯಲ್ಲಿ ಟೊಪ್ಪಿಗೆ ತಿರುಗಿಸುತ್ತ ಕುಳಿತ.

"ಅಜ್ಜೀ, ನನ್ನ ಮೇಲೆ ಸಿಟ್ಟಾ?" ಎಂದ.

ಉಸ್ತೀನ್ಯಾ ಗೋಡೆಯ ಗಡಿಯಾರ ನೋಡಿ ಎದ್ದು, ಬೀಗದ ಕೈ ತೆಗೆದುಕೊಂಡಳು.

"ನಾಲ್ಕು ಗಂಟೆ ಆಯ್ತು, ಹೊರಗೆ ನಡಿಯಪ್ಪಾ. ನಾನೂ ಮನೆಗೆ ಹೋಗ್ಬೇಕು."

ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಅವಳು ಬಚ್ಚಲುಮನೆಯ ಕಡೆಗೆ ಹೋದಳು.