ಅಕ್ಕನಿಗಾಗಿ ಮಾಡಿದ ಕೇರಂ

ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ಎರಡು ಸಲ ಡುಮ್ಕಿ ಹೊಡೆದವನು ನಾನು. ಅಂಥವನು ಈಗ ಹುಬ್ಬಳ್ಳಿಯಲ್ಲಿ ಕೂತು, ಬ್ರೌಸರಿನಲ್ಲಿ ಆಡುವ ಆಟಗಳನ್ನು ಮಾಡಿ ಹೊಟ್ಟೆ ಹೊರೆಯುತ್ತೇನೆ. ಚೆಂಡು ಎಷ್ಟು ಪುಟಿಯಬೇಕು, ಕಲ್ಲು ಹೇಗೆ ಉರುಳಬೇಕು ಎಂಬುದನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟಿದ್ದಾರೆ. ಅದಕ್ಕೆ ಫಿಸಿಕ್ಸ್ ಲೈಬ್ರರಿ ಎನ್ನುತ್ತಾರೆ. ಅದನ್ನು ತಂದು ಆಟಕ್ಕೆ ಜೋಡಿಸುವುದಷ್ಟೇ ನನ್ನ ಪಾಂಡಿತ್ಯ.

ಹೋದ ವರ್ಷ ನನ್ನ ಅಕ್ಕನಿಗೆ ಲಕ್ವಾ ಹೊಡೆಯಿತು. ಧಾರವಾಡದ ಕಾಲೇಜಿನಲ್ಲಿ ಕೇರಂ ಚಾಂಪಿಯನ್ ಆಗಿದ್ದವಳು. ಸತ್ತೂರಿನ ಆಸ್ಪತ್ರೆಯಿಂದ ನಮ್ಮ ಮನೆಗೆ ಕರೆತಂದಾಗ ಮಾತು ಮರಳಿತ್ತು, ಬಲಗೈ ಮರಳಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಕೇರಂ ಬೋರ್ಡು ಕಂಡೊಡನೆ ಮುಖ ತಿರುಗಿಸುತ್ತಿದ್ದಳು. ಎಡಗೈ ಹೆಬ್ಬೆರಳಿನಿಂದ ಮೊಬೈಲಿನಲ್ಲಿ ಆಡುವಂಥ ಕೇರಂ ಒಂದನ್ನು ಅವಳಿಗಾಗಿ ಮಾಡಲು ಕೂತೆ.

ಮೊದಲ ದಿನ ಆಟ ತೆರೆದದ್ದೇ ತಡ, ಕಾಯಿಗಳೆಲ್ಲ ಪರದೆಯ ಬುಡಕ್ಕೆ ಉದುರಿದವು. ಲೈಬ್ರರಿ ತಾನಾಗಿಯೇ ಹಚ್ಚುವ ಗುರುತ್ವಾಕರ್ಷಣೆಯನ್ನು ಸೊನ್ನೆ ಮಾಡಲು ಮರೆತಿದ್ದೆ.

“ಬೋರ್ಡ್ ಗ್ವಾಡಿಗೆ ನೇತ್ ಹಾಕೀಯೇನೋ ತಮ್ಮಾ?” ಎಂದಳು ಅಕ್ಕ.

ಅದನ್ನು ಸರಿಮಾಡಿದರೆ, ಜೋರಾಗಿ ಹೊಡೆದ ಸ್ಟ್ರೈಕರ್ ಚೌಕಟ್ಟನ್ನೇ ತೂರಿಕೊಂಡು ಮಾಯವಾಯಿತು. “ಬಾಜೂ ಮನ್ಯಾಗ ಬಿದ್ದಿರಬೇಕು, ಇಸಗೊಂಡ ಬಾ,” ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿದ್ದು ಅಂದೇ ಮೊದಲು.

ದಿನಾ ಸಂಜೆ ಆಡತೊಡಗಿದೆವು. ಅವಳ ಎಡಗೈ ಹೆಬ್ಬೆರಳಿಗೆ ಗುರಿ ಇನ್ನೂ ಒಗ್ಗಿರಲಿಲ್ಲ. ಕಾಯಿ ಪಾಕೆಟ್ಟಿನ ಅಂಚಿಗೆ ಬಡಿದು ವಾಪಸಾಗುತ್ತಿತ್ತು. ನೋಡಲಾಗದೆ, ಅವಳ ಸರದಿಯಲ್ಲಿ ಮಾತ್ರ ಪಾಕೆಟ್ಟುಗಳು ಕಣ್ಣಿಗೆ ಗೊತ್ತಾಗದ ಹಾಗೆ ತುಸುವೇ ಹಿಗ್ಗುವಂತೆ ಒಂದು ದಿನ ಬರೆದುಬಿಟ್ಟೆ. ಅಕ್ಕ ಸಾಲಾಗಿ ನಾಲ್ಕು ಕಾಯಿ ಹಾಕಿದಳು. ನಾಲ್ಕನೆಯದು ಬಿದ್ದಮೇಲೆ ಮೊಬೈಲು ಕೆಳಗಿಟ್ಟಳು.

“ಅದು ಬೀಳೂ ಕಾಯಿ ಅಲ್ಲ. ಏನ ಮಾಡಿಟ್ಟೀಯೋ?”

ಪಾಕೆಟ್ಟು ಹಿಗ್ಗಿಸಿದ್ದನ್ನು ಒಪ್ಪಿಕೊಂಡೆ.

“ಕೈ ಹೋಗೇತಿ, ಕಣ್ಣ ಹೋಗಿಲ್ಲ. ಮೊದಲ ಹೆಂಗಿತ್ತೋ ಹಂಗ ಮಾಡು. ಸೋತರ ಸೋಲ್ತೇನಿ.”

ಮೂರು ದಿನ ಅವಳು ಆಟ ಮುಟ್ಟಲಿಲ್ಲ. ನಾಲ್ಕನೆಯ ದಿನ ಪಾಕೆಟ್ಟುಗಳನ್ನು ಮೊದಲಿನಂತೆಯೇ ಮಾಡಿ ಮುಂದಿಟ್ಟೆ. ತುಟಿ ಕಚ್ಚಿಕೊಂಡು ಆಡಿದಳು. ಅವಳದೊಂದು ಕಾಯಿಯೂ ಬೀಳಲಿಲ್ಲ. “ಈಗ ಖರೇ ಆಟ ಆತು ನೋಡು,” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಬುದ್ಧಿ ಬಂದಾಗಿನಿಂದ ಅಕ್ಕನನ್ನು ಒಮ್ಮೆಯಾದರೂ ಸೋಲಿಸಬೇಕೆಂದು ಹಾತೊರೆದವನು ನಾನು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ.

“ಯಾರು ಗೆದ್ರಿ?” ಎಂದಳು ಹೆಂಡತಿ.

“ನಾನ.”

“ಮತ್ತ ಕಣ್ಣಾಗ ನೀರ ಯಾಕ್ರಿ?”

“ಒಗ್ಗರಣಿ ಘಾಟು,” ಎಂದೆ. ಒಲೆಯ ಮೇಲೆ ಬರೀ ಹಾಲಿತ್ತು.